ಒಳಗೆ ಹೋಗು, ಮಗ್ಗ ನೋಡಿಕೋ

ಕೊಪ್ಪಳದ ಪಕ್ಕದ ಭಾಗ್ಯನಗರದ ನಮ್ಮ ಮನೆಯಲ್ಲಿ ಮಗ್ಗ ಅಜ್ಜನ ಹೆಸರಿಗಿತ್ತು. ನೂಲು, ಸಾಲ, ಲೆಕ್ಕ ಎಲ್ಲಾ ಅಜ್ಜಿಯದು. ಹೊರಗಿನವರು ಬಂದರೆ ಮಾತ್ರ ಆಕೆ ಒಳಗೆ.

ಪ್ರಾಚೀನ ಗ್ರೀಕ್ ಕವಿ ಹೋಮರನ ಮಹಾಕಾವ್ಯ ಒಡಿಸ್ಸಿಯ ಆರಂಭದಲ್ಲೇ ಟೆಲಿಮಾಕಸ್ ತಾಯಿ ಪೆನೆಲೊಪಿಗೆ ಹೇಳುತ್ತಾನೆ: ಒಳಗೆ ಹೋಗು, ಮಗ್ಗ ನೋಡಿಕೋ, ಮಾತು ಗಂಡಸರದ್ದು. ನಿನ್ನೆ ಮೊನ್ನೆ ಬೆಳೆದ ಹುಡುಗ! ಆಕೆ ಸುಮ್ನೆ ಹೋಗುತ್ತಾಳೆ. ಆದರೆ ಅದೇ ಮಗ್ಗದಲ್ಲಿ ಮಾವನ ಹೆಣಕ್ಕೆ ಹೊದಿಸುವ ಬಟ್ಟೆಯನ್ನು ಹಗಲು ನೇಯ್ದು, ರಾತ್ರಿ ಬಿಚ್ಚಿ, ಗಂಡ ಒಡಿಸ್ಯೂಸ್ ಯುದ್ಧದಿಂದ ಮರಳದಿದ್ದಾಗ ಮದುವೆಯಾಗು ಎಂದು ಮನೆಯಲ್ಲೇ ಠಿಕಾಣಿ ಹೂಡಿದವರನ್ನು 3 ವರ್ಷ ಕಾಯಿಸಿದವಳು ಅವಳೇ ಅಲ್ವಾ?

ನನಗೆ ಜಾಸ್ತಿ ಇಷ್ಟ ಅದೇ ಕಾವ್ಯದ ಫಯೇಶಿಯ ನಾಡಿನ ರಾಣಿ ಅರೀಟಿ. ಗಂಡಸರ ಜಗಳವನ್ನೂ ಬಗೆಹರಿಸುವವಳು. ಊರಿಗೆ ಮರಳುವ ದಾರಿಯಲ್ಲಿ ಅಲ್ಲಿಗೆ ಬಂದ ಒಡಿಸ್ಯೂಸ್ ಮೊದಲು ಕಾಲು ಹಿಡಿಯುವುದು ರಾಜನದ್ದಲ್ಲ, ಅವಳದು. ಅವನ ಮೈಮೇಲಿನ ಬಟ್ಟೆ ತಾನೇ ಮಾಡಿದ್ದೆಂದು ಗುರುತಿಸಿ, ಯಾರು ಕೊಟ್ಟರು ಅಂತ ಕೇಳುತ್ತಾಳೆ.

ಅಜ್ಜಿಯೂ ಗವಿಮಠದ ಜಾತ್ರೆಯಲ್ಲಿ ದೂರದಿಂದಲೇ ಸೀರೆ ನೋಡಿ, ‘ಅದು ನಮ್ಮ ಮಗ್ಗದ್ದು’ ಅನ್ನುತ್ತಿದ್ದಳು.