ಹೋದ ಸಲದ ಮಾತ್ರೆ

ಚಿಕ್ಕಬಳ್ಳಾಪುರದ ಮೆಡಿಕಲ್ ಸ್ಟೋರಿನಲ್ಲಿ ಇವತ್ತು ಒಬ್ಬರು ಕಾಲಿನ ಕುರು ತೋರಿಸಿ, "ಹೋದ ಸಲದ ಮಾತ್ರೆನೇ ಎರಡು ಕೊಡಣ್ಣ" ಎಂದರು. ಕೇಳಿ ಮನಸ್ಸಿಗೆ ಕಸಿವಿಸಿಯಾಯಿತು.

ಕುರು ಮಾಡುವ ಸ್ಟ್ಯಾಫ್ ಬ್ಯಾಕ್ಟೀರಿಯಾ ಎಲ್ಲ ಒಂದೇ ಅಲ್ಲ. ಇವನ್ನು ಕೊಲ್ಲುವ ಮೆಥಿಸಿಲಿನ್ ಅನ್ನುವ ಆಂಟಿಬಯಾಟಿಕ್ ಬಂದದ್ದು 1959ರಲ್ಲಿ. 1961ಕ್ಕಾಗಲೇ ಅದಕ್ಕೆ ಬಗ್ಗದ ತಳಿಯ ಸುದ್ದಿ ಇಂಗ್ಲೆಂಡಿನಿಂದ ಬಂತು. ಆ ಶಕ್ತಿ ಕೊಡುವ ಮೆಕ್‌ಎ ಜೀನ್ ಒಂದೇ ತಳಿಯಲ್ಲಿ ಉಳಿಯಲಿಲ್ಲ. ಒಂದು ಡಿಎನ್‌ಎ ತುಂಡಿನೊಳಗೆ ಕೂತು ಬೇರೆ ಬೇರೆ ವಂಶಗಳಿಗೆ ದಾಟಿತು. ಅಂಥ ವಂಶಗಳಲ್ಲಿ ನಮ್ಮ ದೇಶದಲ್ಲೇ ಎಸ್‌ಟಿ22 ಇದೆ, ಎಸ್‌ಟಿ772 ಇದೆ. ಎರಡನೆಯದಕ್ಕೆ ಬಂಗಾಳ ಕೊಲ್ಲಿಯ ಹೆಸರೇ ಬಿದ್ದಿದೆ, ಜಾಸ್ತಿ ಔಷಧಿಗಳಿಗೆ ಬಗ್ಗದಿರುವುದೂ ಅದೇ. ಮೈಮೇಲಿನ ಕುರು ನೋಡಿ ಒಳಗಿರುವುದು ಯಾವ ತಳಿ ಅಂತ ಹೇಳೋಕಾಗಲ್ಲ, ಅಲ್ವಾ? ಕೀವು ಕಲ್ಚರ್ ಟೆಸ್ಟಿಗೆ ಕೊಟ್ಟರೆ ಯಾವ ಔಷಧಿ ನಾಟುತ್ತದೆ ಅನ್ನುವುದು ಎರಡು-ಮೂರು ದಿನದಲ್ಲಿ ಗೊತ್ತಾಗುತ್ತದೆ.