ನನ್ನ ನಾಲಿಗೆಗೆ ಗೊತ್ತಾಗಿದ್ದು

ಎಂಟನೇ ಕ್ಲಾಸಲ್ಲಿ ಸೈನ್ಸ್ ಮೇಡಂ ಮಾಡಿಸಿದ ಒಂದು ಪ್ರಾಕ್ಟಿಕಲ್ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಮ್ಮ ಪುಸ್ತಕದಲ್ಲಿ ನಾಲಿಗೆಯ ಚಿತ್ರ ಇತ್ತು, ತುದೀಲಿ ಸಿಹಿ, ಅಂಚಲ್ಲಿ ಉಪ್ಪು ಹುಳಿ, ಹಿಂದೆ ಕಹಿ ಅಂತ ಭಾಗ ಮಾಡಿದ್ದು. ಹತ್ತಿ ಸುತ್ತಿದ ಕಡ್ಡೀನ ಸಕ್ಕರೆ ನೀರು, ಉಪ್ಪು ನೀರು, ನಿಂಬೆರಸ, ಹಾಲು ಹಾಕದ ಡಿಕಾಕ್ಷನ್ನಲ್ಲಿ ಅದ್ದಿ ನಾಲಿಗೆಯ ಬೇರೆ ಬೇರೆ ಜಾಗಕ್ಕೆ ಮುಟ್ಟಿಸಿ, ಪ್ರತಿ ಸಲ ಬಾಯಿ ಮುಕ್ಕಳಿಸಿ, ಏನು ಗೊತ್ತಾಯ್ತೋ ಬರೀರಿ ಅಂದ್ರು. ನಂಗೆ ತುದೀಲೂ ಕಹಿ ಚೆನ್ನಾಗೇ ಗೊತ್ತಾಯ್ತು, ಪಕ್ಕದಲ್ಲೂ ಸಿಹಿ ಗೊತ್ತಾಯ್ತು, ಆದ್ರೆ ರೆಕಾರ್ಡಲ್ಲಿ ಬರೆದಿದ್ದು ಪುಸ್ತಕದಲ್ಲಿ ಇದ್ದಿದ್ದನ್ನೇ. ನನ್ನೊಬ್ಬಳ ನಾಲಿಗೆ ಸರಿ ಇಲ್ವೇನೋ ಅಂತ ಭಯ. ಆಮೇಲೆ ನೋಡಿದ್ರೆ ಇಡೀ ಕ್ಲಾಸು ಹಾಗೇ ಬರೆದಿತ್ತು.

ಮೇಡಂ ಬೈಯ್ಲಿಲ್ಲ. "ತುದೀಲಿ ಕಹಿ ಗೊತ್ತಾಗ್ಲೇ ಇಲ್ವಾ ನಿಂಗೆ?" ಅಂತ ಕೇಳಿದ್ರು. ಗೊತ್ತಾಯ್ತು ಮೇಡಂ ಅಂದೆ. "ಮತ್ತೆ ಅದನ್ನ ಬರೀಬೇಕಲ್ವೇನೇ, ಪುಸ್ತಕದಲ್ಲಿ ಏನಿದೆ ಅಂತ ನಂಗೆ ಗೊತ್ತು, ನಿನ್ನ ನಾಲಿಗೆಗೆ ಏನಾಯ್ತು ಅಂತ ನೀನು ಹೇಳಿದ್ರೇನೇ ಗೊತ್ತಾಗೋದು" ಅಂದ್ರು. ಬರೆದಿದ್ದನ್ನ ಹೊಡೆದು ಹಾಕೋಕೆ ಹೋದ್ರೆ ತಡೆದ್ರು, ಅದೂ ಇರ್ಲಿ, ಪಕ್ಕದಲ್ಲಿ ನಿಂದು ಬರಿ ಅಂತ.

ಆ ಚಿತ್ರದ ಕಥೆ ನಾನು ಓದಿದ್ದು ಎಷ್ಟೋ ವರ್ಷ ಆದ್ಮೇಲೆ. 1901ರಲ್ಲಿ ಹ್ಯಾನಿಗ್ ಅನ್ನೋ ಜರ್ಮನ್ ವಿಜ್ಞಾನಿ ಅಳೆದು ಹೇಳಿದ್ದು ಇಷ್ಟೇ, ನಾಲಿಗೆಯ ಬೇರೆ ಬೇರೆ ಕಡೆ ರುಚಿ ಗೊತ್ತಾಗೋದ್ರಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇದೆ ಅಂತ. 1942ರಲ್ಲಿ ಬೋರಿಂಗ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರ ಪುಸ್ತಕದಲ್ಲಿ ಅದೇ ಲೆಕ್ಕ ಬೇರೆ ಥರದ ಗ್ರಾಫಾಗಿ ಬಂದು, ಚೂರು ವ್ಯತ್ಯಾಸ ಭಾರಿ ವ್ಯತ್ಯಾಸದ ಥರ ಕಾಣಿಸ್ತು, ಆಮೇಲೆ ಒಬ್ಬರದನ್ನ ನೋಡಿ ಇನ್ನೊಬ್ಬರು ಬರ್ಕೊಂಡು ಹೋದ್ರು. 1974ರಲ್ಲಿ ಕಾಲಿಂಗ್ಸ್ ಅನ್ನೋರು ಮತ್ತೆ ಪರೀಕ್ಷೆ ಮಾಡಿ ವ್ಯತ್ಯಾಸ ತೀರಾ ಸಣ್ಣದು ಅಂತ ತೋರಿಸಿದ್ರು, ಆದ್ರೂ ಚಿತ್ರ ಪುಸ್ತಕಗಳಲ್ಲಿ ಉಳ್ಕೊಂಡೇ ಇತ್ತು. ಎಲ್ಲರಿಗೂ ಬಾಯಲ್ಲೇ ನಾಲಿಗೆ ಇತ್ತಲ್ಲ, ಇದು ನಂಗೆ ಇವತ್ತಿಗೂ ಆಶ್ಚರ್ಯ.

ಹಾಗಂತ ಕೇಳಿ ತಿಳ್ಕೊಂಡಿದ್ದೆಲ್ಲ ಕಮ್ಮಿ ಅಂತ ನಾನು ಹೇಳಲ್ಲ. ಈ 1901, 1942ರ ಕಥೇನೂ ನಾನು ಓದಿಯೇ ತಿಳ್ಕೊಂಡಿದ್ದು. ನಾನು ಹುಟ್ಟಿದ ದಿನ ಯಾವುದು ಅಂತ ಅಮ್ಮ ಹೇಳದೆ ನಂಗೆ ಗೊತ್ತಾಗ್ತಾನೇ ಇರ್ಲಿಲ್ಲ. ತುದೀಲಿ ಕಹಿ ಇದೆ ಅಂತ ನಾಲಿಗೆ ಹೇಳ್ತು, ಯಾಕೆ ಅಂತ ಹೇಳ್ಲಿಲ್ಲ, ಒಂದೊಂದು ರುಚಿ ಮೊಗ್ಗಲ್ಲೂ ಬೇರೆ ಬೇರೆ ರುಚಿ ಹಿಡಿಯೋ ಕೋಶಗಳು ಇರ್ತವೆ ಅಂತ ಕಂಡು ಹಿಡಿದೋರು ಬೇರೆಯವರು.

ಆ ರೆಕಾರ್ಡ್ ಬುಕ್ ಇನ್ನೂ ನನ್ನ ಹತ್ರ ಇದೆ. ಒಂದೇ ಪುಟದಲ್ಲಿ ಎಡಕ್ಕೆ ಪುಸ್ತಕದ ಉತ್ತರ, ಬಲಕ್ಕೆ ಪೆನ್ಸಿಲಲ್ಲಿ ಒತ್ತೊತ್ತಾಗಿ ಬರೆದ ನನ್ನದು. ಮೇಡಂ ಸೈನ್ ಇರೋದು ಎರಡರ ಮಧ್ಯ.