ಹಳೇ ನಕಾಶೆ ಹಿಡಿದು ನಾರ್ಫೋಕ್ ಹೊಲಗಳಿಗೆ: ಮೆಟಲ್ ಡಿಟೆಕ್ಟಿಂಗ್‌ಗೆ ಹೊರಟವರಿಗೆ ಒಂದಿಷ್ಟು ಮಾತು

ಮಣ್ಣಿನಡಿ ಹೂತ ಹಳೇ ನಾಣ್ಯ, ಒಡವೆ ಹುಡುಕಲು ಇಂಗ್ಲೆಂಡಿನಲ್ಲಿ ಮೆಟಲ್ ಡಿಟೆಕ್ಟರ್ ಕೊಳ್ಳುವುದು ಸುಲಭ. ಅದನ್ನು ಎಲ್ಲಿ ಆಡಿಸಬೇಕು ಅನ್ನುವುದೇ ತಲೆನೋವು. ಸುಮ್ನೆ ಯಾವುದೋ ಹೊಲಕ್ಕೆ ಇಳಿದರೆ ದಿನವಿಡೀ ಕೋಕ್ ಡಬ್ಬಿಯ ಚೂರು, ತೋಟಾದ ಹಿತ್ತಾಳೆ ಬುಡ, ಅಷ್ಟೇ. ಆಫೀಸಿನ ಗೆಳೆಯನೊಬ್ಬನಿಗೆ ಈ ಹುಚ್ಚು ಬಹಳ ವರ್ಷಗಳಿಂದ ಇದೆ. ಕೊಯ್ಲು ಮುಗಿದ ಹೊತ್ತಿಗೆ ನಾರ್ಫೋಕ್‌ಗೆ ಅವನ ಜೊತೆ ನಾನೂ ಹೊರಟೆ. ಪೂರ್ವ ಇಂಗ್ಲೆಂಡಿನ ಈ ಕೌಂಟಿಯಲ್ಲಿ ಹಳೇ ನಾಣ್ಯ, ಒಡವೆ ಸಿಗುವುದು ಜಾಸ್ತಿ. ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ನಿಂದ ನಾರಿಚ್‌ಗೆ ಸುಮಾರು ಎರಡು ಗಂಟೆ ರೈಲು. ಅಲ್ಲಿಂದಾಚೆ ಹಳ್ಳಿಗಳಿಗೆ ಕಾರೇ ಗತಿ, ಬಸ್ಸು ನಂಬಿಕೊಂಡು ಹೋಗಬೇಡಿ.

ಕೆಲಸ ಶುರುವಾಗುವುದು ಮನೆಯಲ್ಲೇ. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್ ತನ್ನ ತಾಣದಲ್ಲಿ ಇಂಗ್ಲೆಂಡಿನ ಹಳೇ ಆರ್ಡ್ನನ್ಸ್ ಸರ್ವೇ (ಬ್ರಿಟನ್ನಿನ ಸರ್ಕಾರಿ ಭೂಮಾಪನ ಸಂಸ್ಥೆ) ನಕಾಶೆಗಳನ್ನೂ ಬಿಟ್ಟಿಯಾಗಿ ಇಟ್ಟಿದೆ. ಮೈಲಿಗೆ ಆರು ಇಂಚಿನದು, ಇಪ್ಪತ್ತೈದು ಇಂಚಿನದು, ಎರಡೂ ಇವೆ. ಹಳೇ ನಕಾಶೆ ಮೇಲೆ, ಇವತ್ತಿನ ಉಪಗ್ರಹ ಚಿತ್ರ ಕೆಳಗೆ. ಒಂದು ಗುಂಡಿಯನ್ನು ಎಳೆದರೆ ಮೇಲಿನದು ಮಸುಕಾಗುತ್ತಾ ಕೆಳಗಿನದು ಕಾಣುತ್ತದೆ. ಎಳೆದು ನೋಡಿ, ಮಜಾ ಇದೆ. ನಾವು ನೋಡುತ್ತಿದ್ದ ಜಾಗದಲ್ಲಿ ಈಗ ಒಂದೇ ದೊಡ್ಡ ಗೋಧಿ ಹೊಲ. 1880ರ ದಶಕದ ನಕಾಶೆಯಲ್ಲಿ ಅದೇ ಜಾಗ ಐದು ತುಂಡು. ನಡುವೆ ಬೇಲಿ, ಒಂದು ಕೊಳ, ಮೂಲೆಯಿಂದ ಮೂಲೆಗೆ ಚುಕ್ಕಿ ಚುಕ್ಕಿ ಗೆರೆ, ಪಕ್ಕದಲ್ಲಿ ಸಣ್ಣದಾಗಿ ‘ಎಫ್.ಪಿ.’ ಅಂದರೆ ಕಾಲುದಾರಿ. ಇನ್ನೊಂದು ಕಾಲುದಾರಿ ಅದನ್ನು ದಾಟುವಲ್ಲಿ ಒಂದು ಬಾವಿ. ಗೆಳೆಯ ಅಲ್ಲೇ ಬೆರಳಿಟ್ಟ.

ಕೋಟೆ, ರೋಮನ್ ಬಂಗಲೆ ಅಂತ ಹುಡುಕಿಕೊಂಡು ಹೋಗಬೇಡಿ. ಅಂಥ ಜಾಗಗಳಲ್ಲಿ ಬಹಳಷ್ಟು ಸಂರಕ್ಷಿತ ಸ್ಮಾರಕಗಳು. 1979ರ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಅಲ್ಲಿ ಡಿಟೆಕ್ಟರ್ ಬಳಸಿದರೇ ಅಪರಾಧ, ಅಗೆಯಲೇಬೇಕು ಅಂತಿಲ್ಲ. ಇವುಗಳ ಪಟ್ಟಿ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ತಾಣದಲ್ಲಿದೆ, ಮೊದಲು ಅದನ್ನು ನೋಡಿ. ಜನ ದುಡ್ಡು ಕಳೆದುಕೊಂಡದ್ದು ಕೋಟೆಯಲ್ಲಿ ಅಲ್ಲ. ಬೇಲಿ ಹತ್ತಿ ದಾಟುವ ಕಡೆ, ಬಾವಿಕಟ್ಟೆ ಬಳಿ, ಜಾತ್ರೆ ಮೈದಾನದಲ್ಲಿ, ಕಮ್ಮಾರನ ಕುಲುಮೆ ಎದುರು ಕುದುರೆಗೆ ಲಾಳ ಹೊಡೆಸುತ್ತಾ ನಿಂತ ಕಡೆ. ನಕಾಶೆಯಲ್ಲಿ ಇಂಥವನ್ನೇ ಹುಡುಕಿ.

ಇದಕ್ಕಿಂತ ಹಿಂದಕ್ಕೆ ಹೋಗಬೇಕಾದರೆ ಟೈದ್ ನಕಾಶೆ ಬೇಕು. ಆ ಕಾಲದಲ್ಲಿ ರೈತರು ಬೆಳೆಯ ಹತ್ತನೇ ಒಂದು ಪಾಲನ್ನು ಚರ್ಚಿಗೆ ಕೊಡಬೇಕಿತ್ತು. 1836ರ ಕಾಯ್ದೆ ಅದನ್ನು ದುಡ್ಡಿನ ಲೆಕ್ಕಕ್ಕೆ ತಂದಿತು. ಅದಕ್ಕಾಗಿ ಊರೂರಿನ ಹೊಲಗಳನ್ನು ಅಳೆದು, ನಂಬರ್ ಹಾಕಿ, ಜೊತೆಗೊಂದು ಪುಸ್ತಕ ಬರೆದರು. ಮಾಲೀಕ ಯಾರು, ಉಳುವವ ಯಾರು, ಹೊಲದ ಹೆಸರೇನು, ಉಳುವ ಭೂಮಿಯೋ ಹುಲ್ಲುಗಾವಲೋ, ಎಷ್ಟು ಎಕರೆ, ಎಲ್ಲ ಅದರಲ್ಲಿದೆ. ನಮ್ಮ ಗ್ರಾಮ ನಕಾಶೆಯನ್ನೂ ಪಹಣಿಯನ್ನೂ ಒಟ್ಟಿಗೆ ಹೊಲಿದಿಟ್ಟ ಹಾಗೆ. ನಾರ್ಫೋಕ್ ಕೌಂಟಿಯವರು ನಕಾಶೆಗಳನ್ನು ಆನ್‌ಲೈನ್ ಹಾಕಿದ್ದಾರೆ. ಪುಸ್ತಕ ನೋಡಲು ನಾವು ನಾರಿಚ್‌ನ ರೆಕಾರ್ಡ್ ಆಫೀಸಿಗೇ ಹೋದೆವು. ಹೋಗುವ ಮುಂಚೆ ತೆರೆದಿರುವ ದಿನ ನೋಡಿಕೊಂಡು, ಬೇಕಾದ ಕಡತ ಮೊದಲೇ ಕೇಳಿಡಿ. ಬ್ಯಾಗು ಲಾಕರಿನಲ್ಲಿ ಇಡಬೇಕು. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಒಯ್ಯಿರಿ.

ಹೊಲದ ಹೆಸರುಗಳನ್ನು ಓದುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ‘ಫೇರ್ ಕ್ಲೋಸ್’ ಅಂದರೆ ಜಾತ್ರೆ ಸೇರುತ್ತಿದ್ದ ಹೊಲ ಇರಬಹುದು. ‘ಚಾಪೆಲ್ ಫೀಲ್ಡ್’ ಇದ್ದರೆ ಈಗ ಕಾಣದ ಪ್ರಾರ್ಥನಾ ಮಂದಿರ ಇದ್ದಿರಬಹುದು. ನಾರ್ಫೋಕ್, ಸಫೋಕ್ ಕಡೆ ಸಿಗುವ ರತ್ನ ‘ಕ್ಯಾಂಪಿಂಗ್ ಕ್ಲೋಸ್’. ಕ್ಯಾಂಪಿಂಗ್ ಅನ್ನುವುದು ಈ ಸೀಮೆಯ ಹಳೇ ಚೆಂಡಾಟ, ಫುಟ್‌ಬಾಲ್ ತರಹದ್ದು. ಆಟ ಅನ್ನುವುದಕ್ಕಿಂತ ಹೊಡೆದಾಟ ಅನ್ನಬೇಕು. ಊರಿಗೆ ಊರೇ ಬಂದು ನೋಡುತ್ತಿತ್ತು. ಜೇಬು ಹರಿಯುವುದು, ಗುಂಡಿ ಕಿತ್ತುಹೋಗುವುದು ಎಲ್ಲ ಅಲ್ಲೇ, ಅಲ್ವಾ? ಇದಕ್ಕೆ ಜೊತೆಯಾಗಿ ವಿಲಿಯಂ ಫೇಡನ್ 1797ರಲ್ಲಿ ಪ್ರಕಟಿಸಿದ ನಾರ್ಫೋಕ್ ನಕಾಶೆಯನ್ನೂ ನೋಡಿ. ಆಮೇಲೆ ಬೇಲಿ ಬಿದ್ದು ಹೊಲವಾದ ಎಷ್ಟೋ ಗೋಮಾಳಗಳು ಅದರಲ್ಲಿ ಇನ್ನೂ ಗೋಮಾಳಗಳಾಗೇ ಇವೆ.

ನಕಾಶೆ ಜಾಗ ತೋರಿಸುತ್ತದೆ, ಒಳಗೆ ಬಿಡುವವನು ರೈತ. ಮಾಲೀಕರ ಒಪ್ಪಿಗೆ ಇಲ್ಲದೆ ಕಾಲಿಡಬೇಡಿ. ಹೊಲದ ನಡುವೆ ಸಾರ್ವಜನಿಕ ಕಾಲುದಾರಿ ಇದ್ದರೂ ಅದು ನಡೆಯೋಕೆ ಮಾತ್ರ. ನಾವು ಎರಡು ನಕಾಶೆಗಳ ಪ್ರಿಂಟ್ ತಗೊಂಡು ರೈತರ ಮನೆಗೇ ಹೋದೆವು. ಅಡುಗೆಮನೆ ಟೇಬಲ್ ಮೇಲೆ ಹರಡಿದ್ದೇ ತಡ, ಅವರು ಕನ್ನಡಕ ಹಾಕಿಕೊಂಡು ಬಗ್ಗಿದರು. ‘ಈ ಕೊಳ ಮುಚ್ಚಿಸಿದ್ದು ನಮ್ಮ ತಾತ’ ಅಂದರು. ಮುಂದಿನ ಮಾತು ಸಲೀಸಾಯಿತು. ಬಂದ ಲಾಭದಲ್ಲಿ ಅರ್ಧ ಅರ್ಧ ಅಂತ ಕಾಗದದಲ್ಲಿ ಬರೆದು ಸಹಿ ಹಾಕಿ. ಸಂಕೋಚ ಬೇಡ, ಇಲ್ಲಿ ಇದು ಮಾಮೂಲು. ಸರ್ಕಾರದ ಪರಿಸರ ಯೋಜನೆಯಲ್ಲಿ ಸೇರಿದ ಹೊಲವಾದರೆ ಬೇರೆ ಷರತ್ತು ಇರುತ್ತವೆ, ಅದನ್ನೂ ಕೇಳಿ. ನ್ಯಾಷನಲ್ ಕೌನ್ಸಿಲ್ ಫಾರ್ ಮೆಟಲ್ ಡಿಟೆಕ್ಟಿಂಗ್ ಅನ್ನುವ ಹವ್ಯಾಸಿಗಳ ಸಂಘದ ಸದಸ್ಯತ್ವದ ಜೊತೆ ವಿಮೆ ಬರುತ್ತದೆ. ವಿಮೆ ಇದೆ ಅಂದರೆ ರೈತರಿಗೂ ಧೈರ್ಯ. ಊರಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ರಾತ್ರಿ ಕದ್ದು ಅಗೆಯುವ ‘ನೈಟ್‌ಹಾಕ್’ಗಳ ಕಾಟ ಇದೆ.

ಆಗಸ್ಟ್, ಸೆಪ್ಟೆಂಬರ್ ಒಳ್ಳೆಯ ಕಾಲ. ಬೆಳೆ ತೆಗೆದಿರುತ್ತಾರೆ, ಮತ್ತೆ ಬಿತ್ತಿರುವುದಿಲ್ಲ. ಗೋಧಿಯ ಕೂಳೆ ಮೇಲೆ ಡಿಟೆಕ್ಟರಿನ ತಟ್ಟೆಯನ್ನು ನೆಲಕ್ಕೆ ತಾಗುವಷ್ಟು ಕೆಳಗೆ, ನಿಧಾನವಾಗಿ ಆಡಿಸಬೇಕು. ಕಾಲುದಾರಿಗಳು ಕೂಡುತ್ತಿದ್ದ ಕಡೆ ಫೋನಿನ ಜಿಪಿಎಸ್ ಹಿಡಿದು ನಿಂತೆವು. ಮೊದಲು ಸಿಕ್ಕಿದ್ದು ಸೀಸದ ಗುಂಡು, ಆಮೇಲೆ ಕೋಟಿನ ಗುಂಡಿಗಳು. ಆಮೇಲೆ ಹಸಿರುಗಟ್ಟಿದ ಒಂದು ಪೆನ್ನಿ. ಹೆಬ್ಬೆರಳಿನಿಂದ ಮಣ್ಣು ಸರಿಸಿದರೆ ತುರುಬು ಕಟ್ಟಿದ ವಿಕ್ಟೋರಿಯಾ ರಾಣಿ. ಈ ಮುಖದ ಪೆನ್ನಿ ಟಂಕಿಸಿದ್ದು 1860ರಿಂದ 1894ರವರೆಗೆ. ನಮ್ಮ ನಕಾಶೆಯೂ ಅದೇ ಕಾಲದ್ದು. ಬೆಲೆ ಏನೂ ಇಲ್ಲ, ಆದರೂ ನನಗೆ ಅದೇ ಇಷ್ಟವಾಯಿತು. ತೆಗೆದ ಗುಂಡಿಯನ್ನು ಮುಚ್ಚಿ, ಕಸ ಸಿಕ್ಕರೆ ಜೇಬಿಗೆ ಹಾಕಿಕೊಳ್ಳಿ. ನಾರ್ಫೋಕ್‌ನಲ್ಲಿ ಎರಡನೇ ಮಹಾಯುದ್ಧದ ವಿಮಾನ ನಿಲ್ದಾಣಗಳು ಬಹಳ ಇದ್ದವು. ಬಾಂಬು, ಶೆಲ್ಲು ಅನಿಸುವಂಥದ್ದು ಕಂಡರೆ ಮುಟ್ಟದೆ ದೂರ ಸರಿದು ಪೊಲೀಸರಿಗೆ ಫೋನ್ ಮಾಡಿ.

ಚಿನ್ನ, ಬೆಳ್ಳಿ ಸಿಕ್ಕರೆ 1996ರ ಟ್ರೆಷರ್ ಆಕ್ಟ್ ನೆನಪಿರಲಿ. ಮುನ್ನೂರು ವರ್ಷಕ್ಕಿಂತ ಹಳೆಯ ಚಿನ್ನ ಬೆಳ್ಳಿ ವಸ್ತು, ಒಂದೇ ಕಡೆ ಸಿಕ್ಕ ಅಂಥ ಎರಡಾದರೂ ನಾಣ್ಯ, ಇವನ್ನು ಹದಿನಾಲ್ಕು ದಿನದೊಳಗೆ ಕರೋನರ್‌ಗೆ, ಅಂದರೆ ಇಂಥ ನಿಧಿಯ ವಿಚಾರಣೆ ನಡೆಸುವ ಅಧಿಕಾರಿಗೆ, ತಿಳಿಸಬೇಕು. ದಾರಿ ತೋರಿಸಲು ಆಯಾ ಸೀಮೆಗೆ ಫೈಂಡ್ಸ್ ಲಿಯಾಸನ್ ಆಫೀಸರ್ ಇರುತ್ತಾರೆ. ಮಾಮೂಲಿ ಹಳೇ ವಸ್ತುವನ್ನೂ ಅವರಿಗೆ ತೋರಿಸಿ, ದಾಖಲು ಮಾಡಿಕೊಳ್ಳುತ್ತಾರೆ. ರಾಶಿ ಕಂಡರೆ ಅಗೆತ ಅಲ್ಲಿಗೇ ನಿಲ್ಲಿಸಿ. 1992ರಲ್ಲಿ ಪಕ್ಕದ ಸಫೋಕ್‌ನ ಹಾಕ್ಸನ್‌ನಲ್ಲಿ ಎರಿಕ್ ಲಾಸ್ ಮಾಡಿದ್ದು ಅದನ್ನೇ. ಅವರು ಹುಡುಕಲು ಹೋಗಿದ್ದು ಗೆಳೆಯ ರೈತನ ಕಳೆದುಹೋದ ಸುತ್ತಿಗೆಯನ್ನು. ಸಿಕ್ಕಿದ್ದು ಹದಿನೈದು ಸಾವಿರದ ಹತ್ತಿರ ರೋಮನ್ ನಾಣ್ಯ, ಒಡವೆ, ಬೆಳ್ಳಿ ಚಮಚ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ನೋಡಬಹುದು. ಸುತ್ತಿಗೆಯೂ ಆಮೇಲೆ ಸಿಕ್ಕಿ, ಮ್ಯೂಸಿಯಂ ಸೇರಿತು!

ಈ ನಿಯಮಗಳೆಲ್ಲ ಇಂಗ್ಲೆಂಡು, ವೇಲ್ಸ್‌ಗೆ. ಸ್ಕಾಟ್ಲೆಂಡಿನದು ಬೇರೆ ಕಾನೂನು. ಉತ್ತರ ಐರ್ಲೆಂಡಿನಲ್ಲಂತೂ ಪರವಾನಗಿ ಇಲ್ಲದೆ ಹಳೇ ವಸ್ತುಗಳಿಗಾಗಿ ಅಗೆಯುವಂತೆಯೇ ಇಲ್ಲ. ಇದನ್ನು ಓದಿ ಹಂಪಿಯಲ್ಲಿ ಪ್ರಯತ್ನಿಸಲು ಹೊರಡಬೇಡಿ ಮಾರಾಯ್ರೆ. ನಿಧಿಗಳ್ಳರು ಅಲ್ಲಿ ಮಾಡಿರುವ ಹಾಳೇ ಸಾಕು. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ. ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಬೇಸಿಗೆಗೆ ಇಂಗ್ಲೆಂಡಿನಲ್ಲಿರುವ ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮಂದಿರಿಗೂ ಇದು ಒಳ್ಳೆಯ ಹೊತ್ತುಗಳೆತ. ರೈತರನ್ನು ಹುಡುಕುವ ಪಾಡು ಬೇಡ ಅಂದರೆ, ಕ್ಲಬ್ಬುಗಳು ನಡೆಸುವ ಡಿಟೆಕ್ಟಿಂಗ್ ದಿನಗಳಿಗೆ ಶುಲ್ಕ ಕಟ್ಟಿ ಸೇರಿಕೊಳ್ಳಿ. ಸಿಕ್ಕ ಹಳೇ ವಸ್ತುವನ್ನು ಊರಿಗೆ ಒಯ್ಯಬೇಕಾದರೆ ಮಾತ್ರ ರಫ್ತು ಪರವಾನಗಿ ಬೇಕಾಗಬಹುದು. ಅದನ್ನು ಕೊಡುವುದು ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್. ಸೂಟ್‌ಕೇಸಿಗೆ ಹಾಕುವ ಮುಂಚೆ ಅವರನ್ನು ಕೇಳಿ.